ಎರಡು ಬೆರಳಿನಷ್ಟು ಖಾಲಿ

ಅದು ಸುಣ್ಣದ ಥರದ್ದು ಎಂದು ನಾನು ಬಸಮ್ಮನವರಿಗೆ ಹೇಳಿದ್ದು ಮಂಗಳವಾರ. ಎದೆಯ ಮೇಲಿನ ಬೆಳ್ಳಿ ಕರಡಿಗೆ ಮುಟ್ಟಿಕೊಂಡು ಹೇಳಿದ್ದೆ. ಕರಡಿಗೆಯೊಳಗೆ ಲಿಂಗವಿತ್ತು. ಬುಧವಾರ ಮಧ್ಯಾಹ್ನ ಡಬ್ಬಿ ಬಂತು. ನನ್ನ ಮಾತು ಸುಳ್ಳಾಯಿತು.

ಇದು ಎರಡು ಸಾವಿರದ ಮೂರನೇ ಇಸವಿಯ ಮಾತು. ಸಕಲೇಶಪುರದ ಒಂದು ಸಣ್ಣ ಮೂಳೆ ಆಸ್ಪತ್ರೆಯಲ್ಲಿ ನಾನು ಎಕ್ಸ್‌ರೇ ತೆಗೆಯುತ್ತಿದ್ದೆ. ಆಪರೇಷನ್ನಿಗೆ ಬರುವ ಸಾಮಾನನ್ನು ರಿಜಿಸ್ಟರಿಗೆ ಹತ್ತಿಸುವುದೂ, ಒಪ್ಪಿಗೆ ಕಾಗದ ಓದಿ ಹೇಳಿ ಮನೆಯವರ ಸಹಿ ಹಾಕಿಸಿಕೊಳ್ಳುವುದೂ ನನ್ನ ಕೆಲಸವೇ. ಹಾಸನದ ಸಂಜೆ ಕಾಲೇಜಿನಲ್ಲಿ ಬಿ.ಎ. ಮುಗಿಸಿದ್ದೆನೆಂದು ಇಂಗ್ಲಿಷ್ ಕಾಗದವೆಲ್ಲ ನನ್ನ ಮೇಜಿಗೇ ಬರುತ್ತಿತ್ತು. ಸುಚಿತ್ರಾ ಮೇಡಂ ಪ್ರತಿ ಗುರುವಾರ ಹಾಸನದಿಂದ ಬಂದು ಆಪರೇಷನ್ ಮಾಡಿ ಹೋಗುತ್ತಿದ್ದರು.

ಬಸಮ್ಮನವರ ಮಗಳು ನೇತ್ರಾವತಿಗೆ ಇಪ್ಪತ್ತಾರು ವರ್ಷ. ಊರು ಕುಂದೂರಿನ ಹತ್ತಿರ. ಆಲೂರಿನಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದವಳು. ಎರಡು ವರ್ಷದ ಹಿಂದೆ ಗೃಹಪ್ರವೇಶದಿಂದ ವಾಪಸ್ಸು ಬರುವಾಗ ಜೀಪು ಮಗುಚಿ ಬಲಗಾಲಿನ ಮೊಣಕಾಲ ಕೆಳಗಿನ ಮೂಳೆ ಚೂರಾಗಿತ್ತು. ಬೇರೆಲ್ಲೋ ಪ್ಲೇಟು ಹಾಕಿಸಿದರು, ಕೀವಾಯಿತು. ಬಲ ಸೊಂಟದ ಮೂಳೆ ಕೆತ್ತಿ ತುಂಬಿಸಿದರು, ಅದನ್ನೂ ಕೀವು ತಿಂದುಬಿಟ್ಟಿತು. ನಮ್ಮಲ್ಲಿಗೆ ಬಂದ ಮೇಲೆ ಮೇಡಂ ಸತ್ತ ಮೂಳೆಯನ್ನೆಲ್ಲ ತೆಗೆದು, ಹೊರಗಡೆಯಿಂದ ಸ್ಟೀಲ್ ಸರಳು ಕಟ್ಟಿ, ತಿಂಗಳುಗಟ್ಟಲೆ ಔಷಧಿ ಕೊಟ್ಟು ಗಾಯ ಒಣಗಿಸಿದ್ದರು. ಎಕ್ಸ್‌ರೇ ತೆಗೆದವನು ನಾನೇ. ಮೇಲಿನ ತುಂಡಿಗೂ ಕೆಳಗಿನ ತುಂಡಿಗೂ ನಡುವೆ ಎರಡು ಬೆರಳಿನಷ್ಟು ಖಾಲಿ. ಎಡ ಸೊಂಟದಿಂದ ತೆಗೆಯುವ ಮೂಳೆ ಅಷ್ಟು ಜಾಗಕ್ಕೆ ಸಾಲುವುದಿಲ್ಲ, ಅದರ ಜೊತೆಗೆ ಡಬ್ಬಿಯಲ್ಲಿ ಬರುವ ಕಾಳು ಬೆರೆಸಿ ತುಂಬಬೇಕು ಎಂದು ಮೇಡಂ ಹೇಳಿದ್ದರು.

ಮಂಗಳವಾರ ನಾನು ಒಪ್ಪಿಗೆ ಕಾಗದ ಹಿಡಿದು ವಾರ್ಡಿಗೆ ಹೋದೆ. ನೇತ್ರಾವತಿ ಮಂಚದ ಮೇಲೆ ಕೂತು ಯಾರದೋ ರವಿಕೆಗೆ ಗುಂಡಿ ಹಾಕುತ್ತಿದ್ದಳು. ಅವಳ ಅಪ್ಪ ದೇವೀರಪ್ಪನವರು ಕಿಟಕಿ ಹತ್ತಿರ ನಿಂತಿದ್ದರು. ಮಾತಾಡಿದ್ದು ಬಸಮ್ಮನವರು.

"ಏನಪ್ಪ ಅದು ತುಂಬೋದು? ಹೆಣದ ಮೂಳೆ ಗಿಳೆ ಅಲ್ಲ ತಾನೆ?"

"ಅಲ್ಲವ್ವ. ಹೀರೇಬಳ್ಳಿಗೆ ಚಪ್ಪರ ಹಾಕ್ತೀವಲ್ಲ, ಹಂಗೆ. ಮೂಳೆ ಈ ಕಡೆಯಿಂದ ಆ ಕಡೆಗೆ ಹಬ್ಬಕ್ಕೆ ಏನಾರ ಆಸರೆ ಬೇಕಲ್ಲ. ರವೆ ಥರ ಕಾಳು ಇರ್ತವೆ. ಒಂದೊಂದು ಕಾಳಲ್ಲೂ ಸಣ್ಣ ಸಣ್ಣ ತೂತು. ಆ ತೂತಿನೊಳಗೆ ಮೂಳೆ ಬೆಳ್ಕಂಡು ಹೋಗ್ತದೆ."

"ಅವ್ವ, ಉಪ್ಪಿಟ್ಟು ರವೆನಾ ಇಡ್ಲಿ ರವೆನಾ ಕೇಳು," ಎಂದಳು ನೇತ್ರಾವತಿ, ಸೂಜಿಯಿಂದ ಕಣ್ಣೆತ್ತದೆ.

"ಸುಮ್ಕಿರೇ. ಚಪ್ಪರ ಸರಿ ಕಣಪ್ಪ. ಚಪ್ಪರದ ಗಳ ಯಾತರದ್ದು ಅಂತ ನಾ ಕೇಳ್ತಿರೋದು."

"ಸುಣ್ಣದ ಥರದ್ದು. ಕಾರ್ಖಾನೇಲಿ ಮಾಡ್ತಾರೆ."

"ಯಾವ ಪ್ರಾಣಿದೂ ಅಲ್ಲ?"

"ಅಲ್ಲವ್ವ."

ಅವರು ನನ್ನ ಹಣೆಯ ವಿಭೂತಿ ನೋಡಿದರು. "ನೀನು ನಮ್ಮೋನೇ ಅಲ್ವಾ? ಯಾವೂರಾತು?"

"ಮಗ್ಗೆ."

"ಲಿಂಗ ಐತಾ ಮೈಮೇಲೆ?"

"ಐತವ್ವ."

"ಹಂಗಾರೆ ಮುಟ್ಟಿ ಹೇಳ್ಬುಡು. ಡಾಕ್ಟ್ರಮ್ಮ ಹೇಳಿದ್ದು ನಂಗೆ ಅರ್ಧ ತಿಳೀತು, ಅರ್ಧ ಇಲ್ಲ. ನೀನು ಹೇಳಿದ್ದು ತಿಳೀತದೆ."

ಅಂಗಿಯ ಮೇಲಿಂದಲೇ ಕರಡಿಗೆ ಮುಟ್ಟಿ ಹೇಳಿದೆ. ಸುಳ್ಳು ಹೇಳುತ್ತಿದ್ದೇನೆಂದು ಅನ್ನಿಸಲೇ ಇಲ್ಲ. ಅದುವರೆಗೆ ನಾಲ್ಕು ಜನಕ್ಕೆ ಆ ಕಾಳು ತುಂಬಿದ್ದರು, ನಾಲ್ಕು ಡಬ್ಬಿಯ ಕಾಗದವನ್ನೂ ನಾನು ಓದಿದ್ದೆ. ಕಾರ್ಖಾನೆಯಲ್ಲಿ ಮಾಡಿದ ಪದಾರ್ಥವೇ. ಐದನೆಯದು ಇನ್ನೂ ಬಂದಿರಲಿಲ್ಲ. ಬಾರದ ಡಬ್ಬಿಯ ಬಗ್ಗೆ ಲಿಂಗ ಮುಟ್ಟಿ ಆಣೆ ಮಾಡಿದ್ದೆ.

ದೇವೀರಪ್ಪನವರು ಕಾಗದವನ್ನು ಗೋಡೆಗೆ ಒತ್ತಿಕೊಂಡು ನಿಧಾನವಾಗಿ ಸಹಿ ಮಾಡಿದರು. ಸಂಬಂಧ ಎಂಬ ಕಡೆ ನಾನು 'ತಂದೆ' ಎಂದು ಬರೆದುಕೊಂಡೆ.

ಬುಧವಾರ ಎರಡು ಗಂಟೆಯ ಬಸ್ಸಿಗೆ ಗಂಡ ಹೆಂಡತಿ ಊರಿಗೆ ಹೋದರು. ಹಸು ಕರೆಯಬೇಕಿತ್ತು, ಬಟ್ಟೆ ಬರೆ ತರಬೇಕಿತ್ತು. ಬೆಳಿಗ್ಗೆ ಮೊದಲ ಬಸ್ಸಿಗೆ ಬಂದರೂ ಸಕಲೇಶಪುರ ಮುಟ್ಟುವಾಗ ಎಂಟೂವರೆ. ಮನೆಯಲ್ಲಿ ಫೋನಿಲ್ಲ. ಡಬ್ಬಿ ಬಂದದ್ದು ಅವರು ಹೋದ ಒಂದು ಗಂಟೆಗೆ.

ಡಬ್ಬಿಯ ಬಣ್ಣವೇ ಬೇರೆ ಇತ್ತು. ರಿಜಿಸ್ಟರಿಗೆ ನಂಬರು, ತಾರೀಕು ಬರೆದುಕೊಂಡೆ. ಹೊರಗಡೆ ಅಂಟಿಸಿದ್ದ ಕಾಗದ ಬಿಡಿಸಿ ಓದಿದೆ. ಮೂಲ ಎಂಬ ಕಡೆ 'ಬೊವೈನ್' ಎಂದಿತ್ತು. ಅರ್ಥ ಗೊತ್ತಿತ್ತು. ಗೊತ್ತಿರುವುದು ತಪ್ಪಾಗಿರಲಿ ಎಂದುಕೊಂಡು ಡ್ರಾಯರಿನಿಂದ ನಿಘಂಟು ತೆಗೆದು ನೋಡಿದೆ. ಎತ್ತು, ಹಸು, ದನಕ್ಕೆ ಸಂಬಂಧಿಸಿದ. ಪುಟ ಮುಚ್ಚಿ ಮತ್ತೆ ತೆರೆದೆ. ಅದೇ ಇತ್ತು.

ಮೇಡಂಗೆ ಫೋನ್ ಮಾಡಿದೆ. ಹಾಸನದ ಕ್ಲಿನಿಕ್ಕಿನಲ್ಲಿ ಜನರ ಗದ್ದಲ, ಮಗುವೊಂದು ಅಳುತ್ತಿತ್ತು.

"ಮೇಡಂ, ಈ ಸಲದ ಡಬ್ಬಿ ಬೇರೆ."

"ಹೌದು, ಮೊದಲಿನದು ಸ್ಟಾಕ್ ಇಲ್ಲ ಅಂದ್ರು. ಕೆಲಸ ಎರಡೂ ಒಂದೇ."

"ಇದು ದನದ ಮೂಳೆದು ಮೇಡಂ."

"ಮೂಲ ಅದೇ. ಆದ್ರೆ ಸಾವಿರ ಡಿಗ್ರಿಗಿಂತ ಜಾಸ್ತಿ ಸುಟ್ಟಿರ್ತಾರೆ. ರಕ್ತ, ಮಾಂಸ, ಕೊಬ್ಬು ಏನೂ ಉಳಿದಿರಲ್ಲ. ಬರೀ ಖನಿಜ. ನೀವು ಸುಣ್ಣ ಅಂದಿದ್ರೂ ಅಂಥಾ ತಪ್ಪೇನಿಲ್ಲ."

"ಪ್ರಾಣಿದಾ ಅಂತ ಕೇಳಿದ್ರು. ಅಲ್ಲ ಅಂತ ಲಿಂಗ ಮುಟ್ಟಿ ಹೇಳಿದೀನಿ."

ಮೇಡಂ ಆ ಕಡೆ ಯಾರಿಗೋ ಮಗುವನ್ನು ಹೊರಗೆ ಕರೆದೊಯ್ಯಲು ಹೇಳಿದರು.

"ಹಾಗಾದ್ರೆ ಹೇಳಲೇಬೇಕು ಮೃತ್ಯುಂಜಯ. ಯಾವುದು ಬರುತ್ತೆ ಅಂತ ನಾನೂ ನಿಮಗೆ ಹೇಳಬೇಕಿತ್ತು. ಅವರು ಒಪ್ಪದಿದ್ರೆ ಬೆಳಿಗ್ಗೆ ಏಳರೊಳಗೆ ಫೋನ್ ಮಾಡಿ, ನಾನು ಹೊರಡಲ್ಲ."

"ಮುಂದಿನ ಗುರುವಾರ ಮಾಡಬೋದಾ?"

"ಮೊದಲಿನದು ಬರೋಕೆ ಒಂದು ತಿಂಗಳಾದ್ರೂ ಬೇಕು. ಈಗ ಗಾಯ ಚೊಕ್ಕಟವಾಗಿದೆ. ಒಂದು ತಿಂಗಳು ಆ ಸರಳು ಹಾಗೇ ಇದ್ರೆ ಮತ್ತೆ ಕೀವಾಗಲ್ಲ ಅಂತ ನನ್ನ ಕೈಲಿ ಹೇಳೋಕಾಗಲ್ಲ. ಇನ್ನೊಂದು ಸಲ ಆದ್ರೆ ಕಾಲು ಉಳಿಸೋ ಮಾತು ಕಷ್ಟ."

ಫೋನ್ ಇಟ್ಟೆ. ಕಾಗದ ಮಡಚಿ ಜೇಬಿಗೆ ಹಾಕಿಕೊಂಡು ವಾರ್ಡಿನ ಬಾಗಿಲಿಗೆ ಹೋದೆ. ನೇತ್ರಾವತಿ ಒಬ್ಬಳೇ ಇದ್ದಳು. ತಿರುಗಿ ಬಂದೆ. ಆಣೆ ಮಾಡಿದ್ದು ಬಸಮ್ಮನವರಿಗೆ, ಸಹಿ ಮಾಡಿದ್ದು ದೇವೀರಪ್ಪನವರು. ಹೇಳಬೇಕಾದ್ದು ಅವರಿಗೆ. ಎಕ್ಸ್‌ರೇ ಕೋಣೆಗೆ ಬೀಗ ಹಾಕಿ ಬಸ್‌ಸ್ಟ್ಯಾಂಡಿಗೆ ನಡೆದೆ. ಆಲೂರಿನ ಬಸ್ಸು ನಿಂತಿತ್ತು, ಹತ್ತಿ ಕೂತೆ. ಆಲೂರಿನಲ್ಲಿ ಕುಂದೂರಿನ ಬಸ್ಸು ಸಿಗದಿದ್ದರೆ? ಸಿಕ್ಕಿದರೂ ವಾಪಸ್ಸು ಬರಲು ಬಸ್ಸಿಲ್ಲದಿದ್ದರೆ ಏಳರೊಳಗೆ ಮೇಡಂಗೆ ಫೋನ್ ಮಾಡುವುದು ಹೇಗೆ? ಇಳಿದೆ. ಇಳಿದ ಮೇಲೆ, ಹೋಗದಿರುವುದಕ್ಕೆ ನೆವ ಹುಡುಕುತ್ತಿದ್ದೇನೆ ಅನ್ನಿಸಿ ಮತ್ತೆ ಹತ್ತಿದೆ. ಬಸಮ್ಮನವರು ನನ್ನ ಹಣೆ ನೋಡುವುದು ಕಣ್ಣ ಮುಂದೆ ಬಂತು. ಮತ್ತೆ ಇಳಿಯಲು ಎದ್ದೆ.

ಕಂಡಕ್ಟರು ಸೀಟಿ ಬಾಯಲ್ಲಿಟ್ಟುಕೊಂಡು ನಿಂತಿದ್ದವನು ಅದನ್ನು ತೆಗೆದು, "ಕುಂತ್ಕತಿಯೋ ಇಳೀತಿಯೋ ಮಾರಾಯ? ಒಂದ್ ತೀರ್ಮಾನ ಮಾಡು, ಬಸ್ಸಲ್ಲಿರೋರ್ಗೂ ಮನೆ ಐತೆ," ಎಂದ. ಯಾರೋ ನಕ್ಕರು. ಇಳಿದೆ. ಬಸ್ಸು ಹೋಯಿತು.

ಆಸ್ಪತ್ರೆಗೆ ಬಂದು ಇನ್ನೂ ಮೂರು ಸಲ ವಾರ್ಡಿನ ಬಾಗಿಲಿಗೆ ಹೋದೆ, ಮೂರು ಸಲವೂ ತಿರುಗಿದೆ. ನೆಲ ಒರೆಸುತ್ತಿದ್ದ ಆಯಾ ಚೌಡಮ್ಮ ಸೊಂಟಕ್ಕೆ ಕೈಕೊಟ್ಟು ಎದ್ದು ನಿಂತಳು.

"ಏನ್ ಮೃತ್ಯುಂಜಯಪ್ಪ, ನಾಕನೇ ಸಲ ಇದು. ಹೆಣ್ ನೋಡಕ್ ಬಂದೋರು ಒಳಿಕ್ಕೆ ಬಂದು ಕುಂತ್ಕಬೇಕು. ಬಾಗ್ಲಲ್ಲೇ ನೋಡಿ ಹೋದ್ರೆ ಕಾಫಿ ಕೊಡಲ್ಲ."

ಒಳಗಿಂದ ನೇತ್ರಾವತಿಯ ದನಿ ಬಂತು. "ಚೌಡಮ್ಮ, ನಿನ್ ಬಾಯಿಗೆ ಅಲ್ಲೇ ಒಂದು ಹೊಲಿಗೆ ಹಾಕ್ತೀನಿ. ಹೋಗಿ ಒಂದ್ ಲೋಟ ಕಾಫಿ ತಗಬಾ. ಅಣ್ಣ, ನೀವು ಬನ್ನಿ."

ಚೌಡಮ್ಮ ಹೋದಳು. ನಾನು ಮಂಚದ ಕಾಲ ಬುಡದಲ್ಲಿ ನಿಂತೆ.

"ನನ್ ಕಾಲಿನ ವಿಷಯನಾ?" ಎಂದಳು.

"ಅವ್ವ ಬರ್ಲಿ ಅಂತ."

"ಕಾಲು ಅವ್ವಂದಾ?"

ಹತ್ತು ವರ್ಷದಿಂದ ಅಪ್ಪಂದಿರ, ಗಂಡಂದಿರ, ಮಾವಂದಿರ ಸಹಿ ಹಾಕಿಸಿಕೊಂಡಿದ್ದೆ. ಮಲಗಿರುವ ಹೆಣ್ಣುಮಗಳ ಕೈಗೆ ಪೆನ್ನು ಕೊಟ್ಟದ್ದು ನೆನಪಿಗೆ ಬರಲಿಲ್ಲ. ಜೇಬಿನಿಂದ ಕಾಗದ ತೆಗೆದು ಎಲ್ಲ ಹೇಳಿದೆ. ದನದ್ದು ಅಂದೆ. ಸುಟ್ಟಿರುತ್ತಾರೆ ಅಂದೆ. ಮೇಡಂ ಹೇಳಿದ ಒಂದು ತಿಂಗಳು, ಕೀವು, ಕಾಲು, ಎಲ್ಲವನ್ನೂ ಹೇಳಿದೆ. ಹೇಳುವಾಗ ಅವಳನ್ನು ಒಪ್ಪಿಸುವ ಹಾಗೆ ಹೇಳುತ್ತಿದ್ದೇನೋ, ಹೆದರಿಸುವ ಹಾಗೆ ಹೇಳುತ್ತಿದ್ದೇನೋ ಎಂದು ಎರಡು ಸಲ ನಿಲ್ಲಿಸಿ ಮೊದಲಿಂದ ಶುರು ಮಾಡಿದೆ.

ಅವಳು ದಾರವನ್ನು ಹಲ್ಲಿನಿಂದ ಕಡಿದಳು. "ನಿಮಗೆ ಯಾವಾಗ ಗೊತ್ತಾಯ್ತು?"

"ಮೂರು ಗಂಟೆಗೆ."

"ಈಗ ಐದೂವರೆ."

"ಹೌದು."

"ಇದಕ್ಕೇ ಅಂತ ಕೊಂದ್ರಾ?"

"ಗೊತ್ತಿಲ್ಲ. ಇದ್ರಲ್ಲಿ ಬರ್ದಿಲ್ಲ."

ಕಾಗದದಲ್ಲಿದ್ದ ಚಿತ್ರವನ್ನು ಅವಳು ತುಂಬ ಹೊತ್ತು ನೋಡಿದಳು. ಒಂದು ಕಾಳನ್ನು ಎಷ್ಟೋ ಪಟ್ಟು ದೊಡ್ಡದು ಮಾಡಿ ತೋರಿಸಿದ ಚಿತ್ರ. ಜೇನಿನ ತಟ್ಟಿಯ ಹಾಗೆ ತೂತುಗಳು.

"ನಮ್ಮನೇಲಿ ಕರಿಯ ಅಂತ ಒಂದೆತ್ತು ಇತ್ತು. ಸತ್ತಾಗ ಅಪ್ಪ ಹೊಲದ ಬದೀಲಿ ಗುಂಡಿ ತೆಗ್ಸಿ, ಇಬೂತಿ ಹಚ್ಚಿ, ಹೂ ಇಟ್ಟು ಮಣ್ ಮಾಡ್ದ. ಅವ್ವ ಮೂರು ದಿನ ಸರ್ಯಾಗಿ ಉಣ್ಲಿಲ್ಲ. ಆಪರೇಷನ್ನಿಗೆ ಮುಂಚೆ ಅಂಥೋಳ್ ಹತ್ರ ಹೋಗಿ ಇದನ್ನ ಹೇಳ್ತಿದ್ರಾ?"

"ಬಸ್ ಹತ್ತಿದ್ದೆ."

"ಮತ್ತೆ?"

"ಇಳಿದೆ."

ಅವಳಿಗೆ ನಗು ಬಂತು. ಆಮೇಲೆ ಮಡಿಲಲ್ಲಿದ್ದ ಬಟ್ಟೆಯ ಅಂಚನ್ನು ಬೆರಳಿನಿಂದ ತೀಡುತ್ತ ಹೇಳಿದಳು. "ಅಂಗಿ ಕಾಲರಿನೊಳಗೆ ಕ್ಯಾನ್ವಾಸ್ ಇಡ್ತೀವಿ ಅಣ್ಣ. ಹಾಕ್ಕಳೋರು ಯಾರೂ ಬಿಚ್ಚಿ ನೋಡಲ್ಲ. ಅದಿಲ್ದಿದ್ರೆ ಕಾಲರು ನಿಲ್ಲಕ್ಕಿಲ್ಲ. ಇಟ್ಟೋಳಿಗೆ ಮಾತ್ರ ಒಳಗೆ ಏನೈತೆ ಅಂತ ಗೊತ್ತಿರಬೇಕು. ನಂಗೆ ಗೊತ್ತಾಯ್ತಲ್ಲ, ಹಾಕ್ಲಿ."

"ಮನಸ್ಸಿಗೆ ಹೇಸಿಗೆ ಅನ್ಸಲ್ವಾ? ಈಗ ಒಪ್ಪಿ ಆಮೇಲೆ..."

"ಅನ್ಸುತ್ತೆ. ಎರಡು ವರ್ಷ ನನ್ ಕಾಲಿನ ಕೀವಿನ ವಾಸ್ನೆ ನಾನೇ ಮೂಸಿದೀನಿ. ಪಕ್ಕದ ಮಂಚದೋರು ಮುಖ ಆ ಕಡೆ ತಿರುಗಿಸ್ಕಂಡು ಉಣ್ಣೋರು. ಅದಕ್ಕಿಂತಾನಾ?" ಬಟ್ಟೆ ಪಕ್ಕಕ್ಕಿಟ್ಟಳು. "ಮಿಷನ್ ತುಳಿಯೋ ಕಾಲು ಅಣ್ಣ ಇದು. ಆದ್ರೆ ಒಂದು. ಅವ್ವಂಗೆ ನಾನೇ ಹೇಳ್ತೀನಿ. ನೀವು ಹೇಳಕೂಡ್ದು."

"ನಾನು ಲಿಂಗ ಮುಟ್ಟಿದೀನಲ್ಲ."

"ಮುಟ್ಟಿದೋರು ನೀವು, ನಾನಲ್ಲ. ಅದನ್ನ ನೀವು ನೋಡ್ಕಳಿ."

ಒಪ್ಪಿಗೆ ಕಾಗದ ತಂದೆ. ಕಾಳು ಯಾತರದ್ದು ಎಂದು ಎರಡು ಸಾಲು ಕನ್ನಡದಲ್ಲಿ ಬರೆದು ಓದಿ ಹೇಳಿದೆ. ಅಪ್ಪನ ಸಹಿಯ ಕೆಳಗೆ ಅವಳು ತನ್ನ ಹೆಸರು ಬರೆದಳು, ಬಿಲ್ಲಿಗೆ ಬರೆಯುವ ಹಾಗೆ ಬೇಗ, ಕೆಳಗೊಂದು ಗೆರೆ ಎಳೆದು. ಚೌಡಮ್ಮ ಕಾಫಿ ತಂದಳು. ಒಂದೇ ಲೋಟ ತಂದಿದ್ದಳು, ನನಗೆ ಕೊಡಲಿಲ್ಲ.

ಗುರುವಾರ ಬೆಳಿಗ್ಗೆ ಎಂಟಕ್ಕೆ ಮೇಡಂ ಆ ಎರಡು ಸಾಲನ್ನೂ ಸಹಿಯನ್ನೂ ನೋಡಿದರು. ಒಳಗೆ ಹೋಗಿ ನೇತ್ರಾವತಿಯ ಹತ್ತಿರ ತಾವೇ ಒಂದು ಸಲ ಮಾತಾಡಿ ಬಂದು, "ಸರಿ" ಎಂದರು. ಹೊರಗಿನ ಸರಳು ಬಿಚ್ಚಿ, ಕಾಲೊಳಗೆ ಹೊಸ ಪ್ಲೇಟು ಕೂರಿಸಿ, ಎಡ ಸೊಂಟದ ಮೂಳೆಯ ಚೂರುಗಳನ್ನು ಸ್ಟೀಲ್ ಬಟ್ಟಲಿಗೆ ಹಾಕಿಕೊಂಡರು. ಡಬ್ಬಿ ಒಡೆದು ಬಿಳಿ ಕಾಳು ಸುರಿದರು. ಅವಳದೇ ರಕ್ತ ಬೆರೆಸಿದರು. ಕಾಳು ರಕ್ತ ಹೀರಿಕೊಂಡು ನೋಡನೋಡುತ್ತ ಕೆಂಪಾದವು. ಬಟ್ಟಲಿನಲ್ಲಿ ಯಾವುದು ಅವಳದು, ಯಾವುದು ಅಲ್ಲ ಎಂದು ಆಮೇಲೆ ತಿಳಿಯುತ್ತಿರಲಿಲ್ಲ. ನನಗೆ ಅದರಿಂದ ಸಮಾಧಾನವಾಗಬೇಕಿತ್ತು. ಆಗಲಿಲ್ಲ.

ಹೊರಗೆ ಬಂದಾಗ ಬಸಮ್ಮನವರು ಬೆಂಚಿನ ಮೇಲೆ ಕೂತಿದ್ದರು. ಸ್ನಾನ ಮಾಡಿ, ಪೂಜೆ ಮುಗಿಸಿಕೊಂಡೇ ಬಸ್ಸು ಹತ್ತಿದ್ದರು.

"ತುಂಬಿದ್ರಾಪ್ಪ?"

"ತುಂಬಿದ್ರು ಅವ್ವ."

ಸೆರಗಿನ ಗಂಟು ಬಿಚ್ಚಿ ವಿಭೂತಿ ಗಟ್ಟಿ ತೆಗೆದು ನನ್ನ ಹಣೆಗೆ ಎಳೆದರು. ನಾನು ತಲೆ ಬಗ್ಗಿಸಿ ನಿಂತೆ.

ನೇತ್ರಾವತಿ ಅವ್ವನಿಗೆ ಹೇಳುತ್ತಾಳೆ ಎಂದು ಕಾದೆ. ಹೊಲಿಗೆ ಬಿಚ್ಚುವ ದಿನ ಹೇಳಿರಲಿಲ್ಲ. ಎರಡನೇ ತಿಂಗಳು ಎಕ್ಸ್‌ರೇಗೆ ಬಂದಾಗ ಕಣ್ಣಲ್ಲೇ ಕೇಳಿದೆ, ಇಲ್ಲ ಎಂದು ತಲೆಯಾಡಿಸಿದಳು. ಬೆಳಿಗ್ಗೆ ಲಿಂಗವನ್ನು ಅಂಗೈಲಿಟ್ಟುಕೊಂಡು ಕೂತರೆ ನನ್ನ ಕಣ್ಣು ಅದರ ಮೇಲೆ ನಿಲ್ಲುತ್ತಿರಲಿಲ್ಲ. ಹೇಳಬೇಕಾದವಳಿಗೆ ಹೇಳಿದ್ದೇನೆ ಅಂದುಕೊಳ್ಳುತ್ತಿದ್ದೆ. ಮರುಗಳಿಗೆಗೆ, ಹೇಳುವುದು ಯಾರಿಗೆ ಸುಲಭವೋ ಅವಳಿಗೆ ಹೇಳಿದ್ದೇನೆ ಅನ್ನಿಸುತ್ತಿತ್ತು. ಬಸಮ್ಮನವರು ಬಂದಾಗಲೆಲ್ಲ ಏನಾದರೂ ತರುತ್ತಿದ್ದರು. ಒಂದು ಸಲ ಅವರೇಕಾಯಿ, ಒಂದು ಸಲ ಮಜ್ಜಿಗೆ ಮೆಣಸಿನಕಾಯಿ. ಅದನ್ನು ಮನೆಗೆ ಒಯ್ಯಲಾರದೆ ಚೌಡಮ್ಮನಿಗೆ ಕೊಟ್ಟುಬಿಡುತ್ತಿದ್ದೆ.

"ನಿಮ್ ಅತ್ತೆ ಮನೆಯೋರು ಒಳ್ಳೇರು ಬಿಡಿ," ಎನ್ನುತ್ತಿದ್ದಳು ಅವಳು.

ನಾಲ್ಕನೇ ತಿಂಗಳ ಫಿಲ್ಮಿನಲ್ಲಿ ಖಾಲಿ ಜಾಗದ ತುಂಬ ಬಿಳಿ ಚುಕ್ಕೆಗಳು ಬಿಡಿಬಿಡಿಯಾಗಿ ಕಾಣುತ್ತಿದ್ದವು. ಎಂಟನೇ ತಿಂಗಳದ್ದರಲ್ಲಿ ಚುಕ್ಕೆಗಳ ಅಂಚು ಮಸುಕಾಗಿ, ಅವುಗಳ ನಡುವೆ ಮೋಡ ಕಟ್ಟಿದ ಹಾಗೆ ಮೂಳೆ ಬಂದಿತ್ತು. ಮೇಲಿನ ತುಂಡೂ ಕೆಳಗಿನ ತುಂಡೂ ಕೂಡಿದ್ದವು. ನಾನು ನಂಬದೆ ಇನ್ನೊಂದು ಫಿಲ್ಮು ತೆಗೆದೆ. ಅದರಲ್ಲೂ ಕೂಡಿದ್ದವು. ಮೇಡಂ ನೋಡಿ, ಇನ್ನು ಕೋಲು ಸ್ವಲ್ಪ ಸ್ವಲ್ಪವೇ ಬಿಡಬಹುದು ಎಂದು ಹೇಳಿ ಬೇರೆ ಪೇಷೆಂಟಿನ ಹತ್ತಿರ ಹೋದರು.

ಎಕ್ಸ್‌ರೇ ಕೋಣೆಯಲ್ಲಿ ನಾವು ಮೂವರೇ ಉಳಿದೆವು. ನೇತ್ರಾವತಿ ಮೇಜಿನ ಅಂಚಿಗೆ ಕೂತಿದ್ದಳು, ಕೋಲು ಪಕ್ಕದಲ್ಲಿ ಗೋಡೆಗೆ ಒರಗಿತ್ತು. ಬಸಮ್ಮನವರು ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ಇಷ್ಟು ಗಟ್ಟಿ ಆಗೋಯ್ತಾ? ಬರೀ ಸುಣ್ಣದ ಕಾಳಿಗೆ?"

ನೇತ್ರಾವತಿ ನನ್ನನ್ನು ನೋಡಿದಳು. ನಾನು ನೆಲ ನೋಡಿದೆ.

"ಈಗ ಅದು ನಿಮ್ ಮಗಳ ಮೂಳೆನೇ ಅವ್ವ," ಎಂದೆ.

"ನಾ ಕೇಳಿದ್ದು ಅದಲ್ಲ."

ಅವರು ಫಿಲ್ಮು ಕೆಳಗಿಳಿಸಿ ನನ್ನ ಕಡೆ ತಿರುಗಿದರು. ನಾನು ಬಾಯಿ ತೆರೆದೆ. ಅವಳಿಗೆ ಕೊಟ್ಟ ಮಾತು ಒಂದು ಕಡೆ, ಇವರಿಗೆ ಮಾಡಿದ ಆಣೆ ಒಂದು ಕಡೆ, ಯಾವುದನ್ನು ಮುರಿಯಲಿ ಎಂದು ತಿಳಿಯದೆ ಹಾಗೇ ನಿಂತೆ.

"ದನದ ಮೂಳೆ ಅವ್ವ," ಎಂದಳು ನೇತ್ರಾವತಿ. "ಸುಟ್ಟು ಮಾಡಿದ್ದು. ಹಿಂದಿನ ದಿನಾನೇ ನಂಗೆ ಹೇಳಿದ್ರು. ನಾನೇ ಹಾಕ್ಲಿ ಅಂದೆ. ನಿಂಗೆ ಹೇಳಬ್ಯಾಡಿ ಅಂದೋಳೂ ನಾನೇ."

ಬಸಮ್ಮನವರು ಮಗಳ ಕಾಲನ್ನು ನೋಡಲಿಲ್ಲ. ನನ್ನನ್ನೇ ನೋಡಿದರು.

"ಲಿಂಗ ಮುಟ್ಟಿದ್ಯಲ್ಲೋ."

"ಮುಟ್ಟಿದ್ದೆ. ಆಗ ಗೊತ್ತಿರ್ಲಿಲ್ಲ. ಗೊತ್ತಾದ್ ಮೇಲೆ ನಿಮಗೆ ಹೇಳ್ಲಿಲ್ಲ."

"ಎಂಟು ತಿಂಗಳು ನನ್ ಕೈಯಿಂದ ಕಾಯಿಪಲ್ಯ ಇಸ್ಕಂಡೆ."

"ತಿನ್ಲಿಲ್ಲ ಅವ್ವ. ಒಂದೂ ತಿನ್ಲಿಲ್ಲ."

ಯಾಕೆ ಹಾಗಂದೆನೋ. ಅದು ಇನ್ನೂ ಕೆಟ್ಟದಾಗಿ ಕೇಳಿಸಿತು. ಅವರು ಫಿಲ್ಮನ್ನು ಲಕೋಟೆಗೆ ಹಾಕಿದರು, ಒಂದು ಸಲಕ್ಕೆ ಹೋಗಲಿಲ್ಲ, ಎರಡು ಸಲ ತುರುಕಿದರು. ಚೀಲ ಹೆಗಲಿಗೆ ಹಾಕಿಕೊಂಡು ಹೊರಗೆ ನಡೆದರು.

"ಅವ್ವ," ಎಂದಳು ನೇತ್ರಾವತಿ. ಅವರು ನಿಲ್ಲಲಿಲ್ಲ. "ಅವ್ವ, ತಡಿಯೇ."

ಮೇಜಿನಿಂದ ಇಳಿದು ಅವಳೂ ಹೊರಟಳು. ನಾನು ಬಾಗಿಲಿಗೆ ಬಂದೆ. ಆಸ್ಪತ್ರೆಯ ಮುಂದಿನಿಂದ ಬಸ್‌ಸ್ಟ್ಯಾಂಡಿನ ಕಡೆಗೆ ರಸ್ತೆ ಇಳಿಜಾರು. ಬಸಮ್ಮನವರು ತಲೆ ಬಗ್ಗಿಸಿ ದಾಪುಗಾಲು ಹಾಕುತ್ತಿದ್ದರು. ಇಪ್ಪತ್ತು ಹೆಜ್ಜೆ ಹಿಂದೆ ನೇತ್ರಾವತಿ, ಸೀರೆಯ ನೆರಿಗೆ ಒಂದು ಕೈಲಿ ಎತ್ತಿ ಹಿಡಿದು, ಬಲಗಾಲು ಸ್ವಲ್ಪ ಹೊರಕ್ಕೆ ಎಸೆದು, ಊರಿ, ಮತ್ತೆ ಎಸೆದು ಹೋಗುತ್ತಿದ್ದಳು. ಇಳಿಜಾರಿನಲ್ಲಿ ಕಾಲಿನ ಮೇಲೆ ಪೂರಾ ಭಾರ ಬೀಳುತ್ತಿತ್ತು. ಆಗಲೇ ನನಗೆ ಹೊಳೆದದ್ದು. ತಿರುಗಿ ನೋಡಿದೆ. ಕೋಲು ಗೋಡೆಗೆ ಒರಗಿದ ಹಾಗೇ ಇತ್ತು.

ಅದನ್ನು ಎತ್ತಿಕೊಂಡು ಓಡಿದೆ. ಗೇಟಿನ ಹತ್ತಿರ ನಿಂತೆ. ನಾನು ಹೋದರೆ ಬಸಮ್ಮನವರು ಇನ್ನೂ ಜೋರಾಗಿ ನಡೆಯಬಹುದು. ಹೋಗದಿದ್ದರೆ ಅವಳು ಬೀಳಬಹುದು. ಕೂಡಿದೆ ಎಂದು ಹೇಳಿದ ಫಿಲ್ಮು ನನ್ನದು. ಅದು ತಪ್ಪಾಗಿದ್ದರೆ?

ಮೋರಿಯ ಹತ್ತಿರ ಬಸಮ್ಮನವರ ನಡಿಗೆ ನಿಧಾನವಾಯಿತು. ಹಿಂದೆ ಬರುತ್ತಿದ್ದ ಹೆಜ್ಜೆಯ ಜೊತೆ ಕೋಲಿನ ಸದ್ದಿಲ್ಲ ಎಂದು ಅವರಿಗೂ ಆಗಲೇ ತಿಳಿದಿರಬೇಕು. ತಿರುಗಿ ನೋಡಲಿಲ್ಲ. ಚೀಲವನ್ನು ಬಲ ಹೆಗಲಿನಿಂದ ಎಡ ಹೆಗಲಿಗೆ ಹಾಕಿಕೊಂಡು, ಬಲಗೈ ಖಾಲಿ ಮಾಡಿಕೊಂಡು, ನಿಂತರು.

ನಾನು ಕೋಲು ಹಿಡಿದುಕೊಂಡು ಗೇಟಿನಲ್ಲೇ ಇದ್ದೆ.